ತಾಕ್‌ಪಾಲಾದ ಜಗಲಿಯಲ್ಲಿ ಎಣಿಕೆ

ತಿಮೋರ್ ದ್ವೀಪದ ಕುಪಾಂಗ್‌ನಿಂದ ಹೊರಟ ಪುಟ್ಟ ವಿಮಾನ ಇಂಡೊನೇಷ್ಯಾದ ಅಲೋರ್ ದ್ವೀಪದಲ್ಲಿ ಇಳಿಯಿತು. ಕಾರಿನ ಚಾಲಕರ ಮನೆಮಾತು ಅದಾಂಗ್. ಕಲಾಬಾಹಿ ಪೇಟೆ ದಾಟಿ, ಕರಾವಳಿಯ ದಾರಿ ಹಿಡಿದು, ತಾಕ್‌ಪಾಲಾ ಹಳ್ಳಿಯ ಏರು ಹತ್ತಿದೆವು. ಅಲ್ಲಿನ ಮಾತು ಅಬುಯಿ. ಚಾಲಕರಿಗೂ ಹಳ್ಳಿಯವರಿಗೂ ಪರಸ್ಪರರ ಭಾಷೆ ತಿಳಿಯದು; ಮಾತುಕತೆ ಮಲಯ್‌ನಲ್ಲೇ.

ನ್ಯೂಗಿನಿಯಿಂದ ಇಷ್ಟು ದೂರದಲ್ಲಿದ್ದರೂ ಇವನ್ನು ಅಲ್ಲಿನ ಭಾಷೆಗಳ ಜೊತೆ ಸೇರಿಸಿ ಪಾಪುವನ್ ಭಾಷೆಗಳು ಎನ್ನುತ್ತಾರೆ. ಅಲೋರ್, ಪಾಂತಾರ್, ತಿಮೋರ್ ದ್ವೀಪಗಳಲ್ಲಿ ಹರಡಿರುವ ಇವುಗಳ ಸ್ವಂತ ಕುಟುಂಬದಲ್ಲಿ ಇರುವುದು ಸುಮಾರು 25 ಭಾಷೆ.

ಹುಲ್ಲು ಹೊದಿಸಿದ ಗೋಪುರದಂಥ ಮನೆಗಳು. ಒಲೆಯ ಹೊಗೆ ತಾಗಲೆಂದು ಮೇಲಿನ ಅಟ್ಟದಲ್ಲಿ ಮೆಕ್ಕೆಜೋಳದ ತೆನೆ, ಅದಕ್ಕೂ ಮೇಲೆ ವಧುದಕ್ಷಿಣೆಗೆ ಕೊಡುವ ಮೋಕೋ ಎಂಬ ಕಂಚಿನ ನಗಾರಿ. ಜಗಲಿಯಲ್ಲಿ ಅಜ್ಜಿಯೊಬ್ಬರು ಬಾದಾಮಿಯಂಥ ಕೆನಾರಿ ಬೀಜ ಒಡೆಯುತ್ತಿದ್ದರು. ಅಲ್ಲಿ ಹಿರಿಯ ಹೆಂಗಸರನ್ನು ಕರೆಯುವುದೇ ‘ಮಾಮಾ’ ಎಂದು. ಸೋದರಮಾವನನ್ನು ಹಾಗೆ ಕರೆದು ಬೆಳೆದ ನನ್ನ ನಾಲಿಗೆ ಅದಕ್ಕೆ ಹೊಂದಿಕೊಳ್ಳಲು ಹೊತ್ತು ಹಿಡಿಯಿತು. ಎಣಿಸಿ ತೋರಿಸಿ ಮಾಮಾ, ಎಂದೆ. ಒಂದೊಂದೇ ಬೀಜ ಸರಿಸಿದರು: ನುಕು, ಅಯೋಕು, ಸುವಾ, ಬುತಿ, ಯೆತಿಂಗ್, ತಲಾಮಾ. ಏಳಕ್ಕೆ ‘ಯೆತಿಂಗ್ ಅಯೋಕು’, ಅಂದರೆ ಐದು ಎರಡು. ಎಂಟು, ಒಂಬತ್ತೂ ಹೀಗೇ ಐದರ ಮೇಲೆ ಕಟ್ಟಿದವು. ಆರಕ್ಕೆ ಮಾತ್ರ ಸ್ವಂತ ಪದ!

ಚಾಲಕರು ತಟ್ಟನೆ ತಿರುಗಿದರು. “ನಮ್ಮಲ್ಲಿ ತಲಾಂಗ್!”

ಆಮೇಲೆ ನನ್ನ ಪ್ರಶ್ನೆಗಳ ಅಗತ್ಯವೇ ಬೀಳಲಿಲ್ಲ. ಅವರಿಬ್ಬರೇ ಪದ ಹುಡುಕತೊಡಗಿದರು. ಹಂದಿಗೆ ಅಬುಯಿಯಲ್ಲಿ ‘ಫೆ’. ಅದಾಂಗ್‌ನಲ್ಲಿ ಅದೇ ಪದ ಬಕಾರದಿಂದ ಶುರು. ಒಂದು ಪದದ ಹೋಲಿಕೆ ಆಕಸ್ಮಿಕವಿರಬಹುದು, ಆದರೆ ಒಂದು ಭಾಷೆಯ ‘ಬ’ ಇನ್ನೊಂದರಲ್ಲಿ ಪದೇ ಪದೇ ‘ಫ’ ಆದರೆ ಅದು ರಕ್ತಸಂಬಂಧದ ಗುರುತು. ನಮ್ಮ ಹಂದಿ ತೆಲುಗಿನಲ್ಲಿ ಪಂದಿ, ಹಳಗನ್ನಡದಲ್ಲೂ ಪಂದಿಯೇ. ಇಷ್ಟು ದೂರ ಬಂದು ಅದೇ ಪ್ರಾಣಿಯ ಹೆಸರಲ್ಲಿ ಅಂಥದೇ ಬದಲಾವಣೆ ಕಂಡು ಮೈ ಜುಂ ಎಂದಿತು.

ಕೈಗೆ ಏನೆನ್ನುತ್ತೀರಿ ಎಂದು ಅಜ್ಜಿಯ ಕೈ ತೋರಿಸಿದೆ. ‘ನಾತಾಂಗ್’ ಎಂದರು. ನನ್ನ ಕೈ ಮುಟ್ಟಿ ‘ಆತಾಂಗ್’. ‘ನಾ’ ಎಂದರೆ ನನ್ನ, ‘ಆ’ ಎಂದರೆ ನಿನ್ನ. ಬರೀ ಕೈ ಎನ್ನುವಂತಿಲ್ಲ, ಅದು ಯಾರದಾದರೂ ಆಗಿರಲೇಬೇಕು. ಇದು ನನಗೆ ಬಹಳ ಹಿಡಿಸಿತು.

ಅಷ್ಟರಲ್ಲಿ ಮೊಮ್ಮಗಳು ಬಂದು ಬೀಜಗಳನ್ನು ಮಲಯ್‌ನಲ್ಲಿ ಎಣಿಸಿದಳು: ಸಾತು, ದುವಾ, ತಿಗಾ... ‘ಎನಾಮ್’ ಎಂದು ಆರಕ್ಕೆ ಬಂದಾಗ ಅಜ್ಜಿಯೂ ಚಾಲಕರೂ ಒಟ್ಟಿಗೇ ತಿದ್ದಿದರು. ಒಬ್ಬರದು ತಲಾಮಾ, ಇನ್ನೊಬ್ಬರದು ತಲಾಂಗ್.