ನೋವು ಮೀನಖಂಡದಲ್ಲಿ, ತಕರಾರು ಸೊಂಟದಲ್ಲಿ

ಮೂರು ವಾರ ಮೀನಖಂಡಕ್ಕೆ ಎಣ್ಣೆ ತಿಕ್ಕಿದೆ. ಬಲ ಪಿರ್ರೆಯಲ್ಲಿ ಶುರುವಾದ ನೋವು ತೊಡೆಯ ಹಿಂದಿನಿಂದ ಇಳಿದು, ಮೊಣಕಾಲಿನ ಹೊರಬದಿಯಲ್ಲಿ ಹಾದು, ಹೆಬ್ಬೆರಳಿನವರೆಗೆ ಕಾದ ತಂತಿ ಎಳೆದ ಹಾಗೆ ಹೋಗುತ್ತಿತ್ತು. ಸೊಂಟ ಅಷ್ಟೇನೂ ನೋಯುತ್ತಿರಲಿಲ್ಲ. ಹಾಗಾಗಿ ಅದರ ಮೇಲೆ ಅನುಮಾನವೇ ಬರಲಿಲ್ಲ.

ಅನುಮಾನ ಹುಟ್ಟಿಸಿದ್ದು ಒಂದು ಸೀನು. ಬೆಳಿಗ್ಗೆ ಶೂ ಲೇಸ್ ಕಟ್ಟಲು ಬಗ್ಗಿದ್ದೆ. ಸೀನಿದ್ದೇ ತಡ, ಕಾಲಿನುದ್ದಕ್ಕೂ ಶಾಕ್ ಹೊಡೆಯಿತು. ಗೋಡೆ ಹಿಡಿದು ನಿಂತೆ. ಸೀನಿದರೆ ಕಾಲಿನ ಬೆರಳು ಯಾಕೆ ನೋಯಬೇಕು, ಅಲ್ವಾ?

ಡಾಕ್ಟರ್ ನನ್ನನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಿಸದೆ ಕಾಲೆತ್ತಿದರು. ಎಡಗಾಲು ಸಲೀಸಾಗಿ ಮೇಲೆ ಹೋಯಿತು. ಬಲಗಾಲು ಅರ್ಧಕ್ಕೆ ಬರುವ ಮುಂಚೆಯೇ ಕೂಗಿಕೊಂಡೆ. ಆಮೇಲೆ ತುದಿಗಾಲಲ್ಲಿ ನಡೆಸಿದರು, ಸರಿಯಾಗೇ ನಡೆದೆ. ಹಿಮ್ಮಡಿಯ ಮೇಲೆ ನಡೆಯಲು ಹೋದರೆ ಬಲಪಾದದ ಮುಂಭಾಗ ಪಟ್ ಎಂದು ನೆಲಕ್ಕೆ ಬೀಳುತ್ತಿತ್ತು. ಕೊನೆಗೆ ಎರಡೂ ಹೆಬ್ಬೆರಳು ಮೇಲೆತ್ತಲು ಹೇಳಿ, ಒಂದೊಂದನ್ನೇ ಬೆರಳಿನಿಂದ ಒತ್ತಿದರು. ಎಡದ್ದು ಬಗ್ಗಲಿಲ್ಲ. ಬಲದ್ದು ಸುಮ್ನೆ ಮಲಗಿಬಿಟ್ಟಿತು. ಅದಕ್ಕೆ ಶಕ್ತಿ ಇಲ್ಲ ಅನ್ನೋದೇ ನನಗೆ ಗೊತ್ತಿರಲಿಲ್ಲ!

"ಸಯಾಟಿಕಾ ಅನ್ನೋದು ಕಾಯಿಲೆ ಹೆಸರಲ್ಲಮ್ಮ. ಸಯಾಟಿಕ್ ಅನ್ನೋ ನರ ನೋಯ್ತಿದೆ ಅಂತಷ್ಟೇ ಅರ್ಥ. ಯಾಕೆ ನೋಯ್ತಿದೆ ಅನ್ನೋದೇ ನಾವು ನೋಡಬೇಕಾದ್ದು" ಎಂದರು.

ಸಯಾಟಿಕ್ ನರ ಮೈಯಲ್ಲೇ ಅತಿ ದಪ್ಪದ ನರ. ಬೆನ್ನುಮೂಳೆಯ ಕೆಳತುದಿಯಿಂದ ಹೊರಡುವ ಐದು ನರದ ಬೇರುಗಳು ಸೇರಿ ಅದಾಗುತ್ತದೆ: ಎಲ್ 4, ಎಲ್ 5, ಎಸ್ 1, ಎಸ್ 2, ಎಸ್ 3. ಎಲ್ ಅಂದರೆ ಸೊಂಟದ ಭಾಗದ್ದು, ಎಸ್ ಅಂದರೆ ಅದರ ಕೆಳಗಿನ ತ್ರಿಕೋನದ ಮೂಳೆಯದ್ದು. ಬೇರಿನ ಹತ್ತಿರ ಯಾರಾದರೂ ಒತ್ತಿದರೆ ಮೆದುಳಿಗೆ ತುದಿಯಲ್ಲೇ ನೋವಾದ ಹಾಗೆ ಕೇಳಿಸುತ್ತದೆ. ನನ್ನ ಹೆಬ್ಬೆರಳು ಬೊಟ್ಟು ಮಾಡಿದ್ದು ಎಲ್ 5 ಕಡೆಗೆ. ಕಿರುಬೆರಳಿನ ಬದಿ ಜೋಮು ಹಿಡಿದು, ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಎಸ್ 1 ಮೇಲೆ ಅನುಮಾನ ಬರುತ್ತಿತ್ತಂತೆ.

ಒತ್ತಿದ್ದು ಡಿಸ್ಕ್. ಎರಡು ಮೂಳೆಗಳ ನಡುವಿನ ಮೆತ್ತೆ ಅದು. ಹೊರಗೆ ಗಟ್ಟಿ ನಾರಿನ ಸುತ್ತುಗಳು, ಒಳಗೆ ಲೋಳೆಯಂಥ ತಿರುಳು. ಸುತ್ತು ಬಿರುಕು ಬಿಟ್ಟರೆ ತಿರುಳು ಹೊರಗೆ ನುಗ್ಗುತ್ತದೆ. ಜನ 'ಡಿಸ್ಕ್ ಜಾರಿದೆ' ಅನ್ನುತ್ತಾರೆ, ಆದರೆ ಡಿಸ್ಕ್ ಎಲ್ಲಿಗೂ ಜಾರುವುದಿಲ್ಲ. ತಿರುಳು ಒತ್ತುವುದಷ್ಟೇ ಅಲ್ಲ, ತಾಗಿದ ಕಡೆ ನರವನ್ನು ಕೆರಳಿಸಿ ಊತವನ್ನೂ ತರುತ್ತದೆ. ಸೀನಿದಾಗ, ಬಗ್ಗಿದಾಗ, ತುಂಬಾ ಹೊತ್ತು ಕೂತಾಗ ಡಿಸ್ಕಿನೊಳಗೆ ಒತ್ತಡ ಜಾಸ್ತಿಯಾಗುತ್ತದೆ. ನನ್ನದೋ ದಿನಕ್ಕೆ ಎಂಟು ಗಂಟೆ ಕುರ್ಚಿಯ ಕೆಲಸ.

ನಾನು ಒಂದು ಬಕೆಟ್ಟನ್ನು ಬೈದುಕೊಂಡಿದ್ದೆ. ತುಂಬಿದ ಬಕೆಟ್ ಎತ್ತಿ, ಸೊಂಟ ತಿರುಚಿ ಪಕ್ಕಕ್ಕೆ ಇಟ್ಟ ದಿನವೇ ಇದು ಶುರುವಾದದ್ದು. ಡಾಕ್ಟರ್ ನಕ್ಕರು. ಡಿಸ್ಕ್ ವರ್ಷಗಟ್ಟಲೆ ನೀರಾರುತ್ತಾ ಬಂದಿರುತ್ತದೆ, ವಂಶದ ಪಾಲೂ ಇರುತ್ತದೆ, ಬಕೆಟ್ ಬರೀ ಕೊನೆಯ ನೂಕು ಅಷ್ಟೇ.

ಡಿಸ್ಕಿನಿಂದ ಕಾಲುನೋವು ಬರುತ್ತದೆ ಅನ್ನೋದು ವೈದ್ಯರಿಗೂ ಸ್ಪಷ್ಟವಾದದ್ದು ತಡವಾಗಿಯೇ. 1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ಸರ್ಜನ್‌ಗಳು ಅದನ್ನು ಬರೆದು ತೋರಿಸಿದರು. ಅದಕ್ಕೂ ಮುಂಚೆ ಆಪರೇಷನ್‌ನಲ್ಲಿ ಇಂಥ ತುಣುಕು ಸಿಕ್ಕರೆ ಗೆಡ್ಡೆ ಅಂದುಕೊಳ್ಳುತ್ತಿದ್ದರು. ಮೀನಖಂಡ ತಿಕ್ಕಿದ ನನ್ನ ನಾಚಿಕೆ ಸ್ವಲ್ಪ ಕಡಿಮೆಯಾಯಿತು.

ಮಾವನಿಗೂ ಸಯಾಟಿಕಾ. ಅದೇ ಹೆಸರು, ಹೆಚ್ಚುಕಡಿಮೆ ಅದೇ ದಾರಿ. ಆದರೆ ಅವರು ಹೇಳುವುದೇ ಬೇರೆ: "ನಡೆದ್ರೆ ಕಾಲು ಹಿಡ್ಕೊಳ್ಳುತ್ತಮ್ಮ, ಕೂತ್ರೆ ಆರಾಮ." ನನಗೆ ಸರಿಯಾಗಿ ಉಲ್ಟಾ. ಅವರಲ್ಲಿ ವಯಸ್ಸಿನಿಂದ ಮೂಳೆ ಬೆಳೆದು, ಒಳಗಿನ ಪಟ್ಟಿಗಳು ದಪ್ಪವಾಗಿ, ನರಗಳು ಇರುವ ಕೊಳವೆಯೇ ಇಕ್ಕಟ್ಟಾಗಿದೆ. ಮುಂದಕ್ಕೆ ಬಾಗಿದರೆ ಆ ಜಾಗ ಸ್ವಲ್ಪ ಅಗಲವಾಗುತ್ತದೆ. ಅದಕ್ಕೇ ಹತ್ತು ನಿಮಿಷ ನಡೆಯಲಾಗದವರು ಅರ್ಧ ಗಂಟೆ ಸೈಕಲ್ ತುಳಿಯುತ್ತಾರೆ. ನನ್ನ ವ್ಯಾಯಾಮದ ಚೀಟಿ ಅವರಿಗೆ ಕೊಡಲು ಹೋಗಿದ್ದೆ. ಬೆನ್ನು ಹಿಂದಕ್ಕೆ ಬಾಗಿಸುವ ವ್ಯಾಯಾಮ! ಸದ್ಯ, ಅವರು ಮಾಡಲಿಲ್ಲ.

ಇನ್ನೂ ಕೆಲವು ಕಾರಣಗಳಿವೆ. ಒಂದು ಮೂಳೆ ಇನ್ನೊಂದರ ಮೇಲೆ ಮುಂದಕ್ಕೆ ಸರಿಯುವುದು. ಪಿರ್ರೆಯ ಒಳಗಿನ ಪಿರಿಫಾರ್ಮಿಸ್ ಎಂಬ ಸ್ನಾಯು ನರವನ್ನು ಹಿಂಡುವುದು. ಹಿಂಜೇಬಿನಲ್ಲಿ ದಪ್ಪ ಪರ್ಸ್ ಇಟ್ಟು ಗಂಟೆಗಟ್ಟಲೆ ಕೂರುವುದೂ ಸಾಕು. ನಮ್ಮನೆಯವರು ಇದನ್ನು ಕೇಳಿದ್ದೇ ಪರ್ಸ್ ಮುಂದಿನ ಜೇಬಿಗೆ ಬಂತು. ಅಪರೂಪಕ್ಕೆ ಸೋಂಕು, ಗೆಡ್ಡೆ. ಮೂತ್ರ ಕಟ್ಟಿದರೆ, ಕೂರುವ ಜಾಗವೇ ಮರಗಟ್ಟಿದರೆ ಮಾತ್ರ ಅವತ್ತೇ ಆಸ್ಪತ್ರೆಗೆ ಓಡಬೇಕು, ಒಂದು ರಾತ್ರಿಯೂ ಕಾಯಬಾರದು.

ಹೊರಬಂದ ತಿರುಳನ್ನು ಎಷ್ಟೋ ಸಲ ಮೈ ತಾನೇ ಕರಗಿಸಿಕೊಳ್ಳುತ್ತದೆ. ನನ್ನದು ಎರಡೂವರೆ ತಿಂಗಳಿಗೆ ಇಳಿಯಿತು. ಹೆಬ್ಬೆರಳು ಈಗ ಒತ್ತಿದರೆ ಎದುರು ನಿಲ್ಲುತ್ತದೆ. ಸಂಜೆ ಮಾವನ ಜೊತೆ ನಡೆಯಲು ಹೋಗುತ್ತೇನೆ. ಬೆಂಚು ಕಂಡ ಕೂಡಲೇ ಅವರು ಕೂರುತ್ತಾರೆ. ನಾನು ಪಕ್ಕದಲ್ಲಿ ನಿಂತೇ ಮಾತಾಡುತ್ತೇನೆ.