ಗೊಂಬೆಗೊಂದು ಹಿಡಿ, ಹಿಡಿಗೊಂದು ಬೆಣೆ

ಗಣಪತಿ ಹಬ್ಬ ಮುಗೀತು ಅಂದ್ರೆ ಅಗ್ರಹಾರದಿಂದ ನಮ್ಮ ಸೋದರತ್ತೆ ಫೋನ್ ಬರತ್ತೆ, ಅಟ್ಟದಿಂದ ದಸರಾ ಗೊಂಬೆ ಟ್ರಂಕ್ ಇಳಿಸ್ಕೊಡು ಬಾ ಅಂತ. ಮೂರು ವರ್ಷದ ಹಿಂದೆ ಹೀಗೇ ಇಳಿಸಿ, ಹಳೇ ಪೇಪರ್ ಬಿಚ್ಚಿ ನೋಡಿದ್ರೆ ಮದುವೆ ಮೆರವಣಿಗೆ ಸೆಟ್‌ನಲ್ಲಿ ಓಲಗದವರ ಮುಖದ ಬಣ್ಣನೇ ಇಲ್ಲ. ಮಣ್ಣಿನ ಗೊಂಬೆಗಳು, ಒಂದೊಂದೂ ಮೂರಿಂಚು ಎತ್ತರ ಇರಬಹುದು, ಡೋಲಿನವನ ಮೂಗು ಬರೀ ಕೆಂಪು ಮಣ್ಣು ಕಾಣ್ತಿತ್ತು. ನಾನು ಮನೇಲಿ ಪ್ಲಾಸ್ಟಿಕ್ ಸೈನಿಕರು, ರೈಲ್ವೆ ಮಾಡೆಲ್ ಜನ, ಇಂಥ ಚಿಲ್ಲರೆಗೆಲ್ಲ ಬಣ್ಣ ಹಚ್ತಾ ಕೂತ್ಕೊಳ್ಳೋನು ಅಂತ ಅತ್ತೆಗೆ ಗೊತ್ತು. "ಆ ಬೊಂಬಾಯಿ ಗೊಂಬೆಗಳಿಗೆಲ್ಲಾ ಹಚ್ತೀಯಲ್ಲ, ನಮ್ಮ ಮನೇದಕ್ಕೂ ಒಂಚೂರು ಹಚ್ಚು" ಅಂದ್ರು. ಪ್ಲಾಸ್ಟಿಕ್‌ದೆಲ್ಲ ಅವರಿಗೆ ಬೊಂಬಾಯಿ ಗೊಂಬೆನೇ, ಏನ್ ಹೇಳಿದ್ರೂ ಅಷ್ಟೇ.

ಬಣ್ಣ ಹಚ್ಚೋದು ಕಷ್ಟ ಅಲ್ಲ ಕಣ್ರೀ, ಹಿಡ್ಕೊಳ್ಳೋದು ಕಷ್ಟ. ಇದು ಹೊರಗಿನವರಿಗೆ ಗೊತ್ತಾಗಲ್ಲ. ಕಾಲು ಹಿಡ್ಕೊಂಡು ತಲೆಗೆ ಹಚ್ತೀರ, ಒಣಗ್ತು ಅಂದ್ಕೊಂಡು ತಲೆ ಹಿಡ್ಕೊಂಡು ಪಂಚೆಗೆ ಹಚ್ತೀರ, ಪಂಚೆ ಮುಗಿಯೋಷ್ಟರಲ್ಲಿ ಪೇಟದ ಅಂಚೆಲ್ಲ ನಿಮ್ಮ ಹೆಬ್ಬೆರಳಲ್ಲಿ. ಅಕ್ರಿಲಿಕ್ ಬಣ್ಣ ಮುಟ್ಟಿದ್ರೆ ಒಣಗಿದೆ ಅನ್ಸತ್ತೆ, ಆದ್ರೆ ಗಟ್ಟಿ ಆಗಕ್ಕೆ ಇನ್ನೂ ಸುಮಾರು ಹೊತ್ತು ಬೇಕು, ಅಷ್ಟರೊಳಗೆ ಬೆರಳಿನ ಜಿಡ್ಡು, ಬೆವರು, ಉಜ್ಜಾಟ ಎಲ್ಲ ಸೇರಿ ಮೊದಲು ಉಬ್ಬಿರೋ ಜಾಗದ್ದೇ ಹೋಗೋದು: ಮೂಗು, ಮೊಣಕಾಲು, ಪೇಟದ ತುದಿ. ಓಟಿನ ಇಂಕು ಮಾಡೋ ಊರು ನಮ್ದು, ಮೈಸೂರು, 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಅರಗು-ಬಣ್ಣದ ಕಾರ್ಖಾನೆ ಅಂತ ಶುರುವಾಗಿ 1962ರ ಚುನಾವಣೆಯಿಂದ ದೇಶಕ್ಕೆಲ್ಲ ಇಂಕು ಕೊಡ್ತಿದೆ, ಅದು ಬೆರಳು ಬಿಟ್ಟು ಹೋಗಲ್ಲ, ನಾನು ಹಚ್ಚಿದ್ದು ಗೊಂಬೆ ಬಿಟ್ಟು ಬೆರಳಿಗೇ ಬರತ್ತೆ.

ಅದಕ್ಕೇ ಈ ಹಿಡಿಗಳು ಇರೋದು. ಗೊಂಬೆನ ಪೀಠದಲ್ಲಿ ಕಚ್ಚಿ ಹಿಡ್ಕೊಳ್ಳತ್ತೆ, ನೀವು ಹಿಡಿನ ಹಿಡ್ಕೋತೀರ, ಗೊಂಬೆನ ಮುಟ್ಟೋದೇ ಇಲ್ಲ. ನನ್ನ ಹತ್ರ ಒಂದು ಸ್ಪ್ರಿಂಗ್‌ದು ಆಗ್ಲೇ ಇತ್ತು, ಆನ್‌ಲೈನಲ್ಲಿ ತರಿಸಿದ್ದು. ದಪ್ಪ ಪ್ಲಾಸ್ಟಿಕ್ ಹಿಡಿ, ಮೇಲೆ ಎರಡು ದವಡೆ, ಹಿಸುಕಿದ್ರೆ ಬಾಯಿ ತೆಗಿಯತ್ತೆ, ಬಿಟ್ರೆ ಸ್ಪ್ರಿಂಗ್ ಎಳ್ಕೊಂಡು ಕಚ್ಚತ್ತೆ. ವಾರ್‌ಹ್ಯಾಮರ್ ತರದ ಆಟದ ಗೊಂಬೆಗಳಿಗೆ 25, 32, 40 ಮಿಲಿಮೀಟರ್ ಅಂತ ಅಳತೆ ಪ್ರಕಾರ ಗುಂಡು ಪ್ಲಾಸ್ಟಿಕ್ ಪೀಠ ಇರತ್ತಲ್ಲ, ಅವಕ್ಕೆ ಹೇಳಿ ಮಾಡಿಸಿದ ಹಾಗೆ ಕೂರತ್ತೆ, ಅದರಲ್ಲಿ ಎರಡು ಮಾತಿಲ್ಲ.

ಮಣ್ಣಿನ ಪೀಠಕ್ಕಲ್ಲ ಅಂತ ನನಗೆ ಹೊಳೀಲಿಲ್ಲ ನೋಡಿ. ನಾಗಸ್ವರದವನನ್ನ ಇಟ್ಟೆ, ಬಿಟ್ಟೆ, ಟಿಕ್ ಅಂತ ಒಂದು ಸಣ್ಣ ಸೌಂಡು, ಅವಲಕ್ಕಿ ಮುರಿದ ಹಾಗೆ. ಪೀಠದ ಮುಂದಿನ ಅಂಚಲ್ಲಿ ಉಗುರಿನಷ್ಟು ಚೂರು ನನ್ನ ತೊಡೆ ಮೇಲೆ ಬಿದ್ದಿತ್ತು. ಗಾಬರಿಲಿ ಹಿಸುಕಿ ಬಿಡಿಸಕ್ಕೆ ಹೋದ್ರೆ ಅವನು ಹಾರಿ ಮಂಚದ ಮೇಲೆ ಹೋಗಿ ಬಿದ್ದ, ಹಾಸಿಗೆ ಇದ್ದಿದ್ದಕ್ಕೆ ಬದುಕ್ಕೊಂಡ. ಅತ್ತೆಯ ಅಮ್ಮನಿಗೆ ತವರಿಂದ ಬಂದ ಸೆಟ್ ಅದು. ಎರಡು ದಿನ ಅಗ್ರಹಾರದ ಕಡೆ ತಲೆ ಹಾಕ್ಲಿಲ್ಲ ನಾನು. ಚೂರನ್ನ ಅಂಟಿಸಿದೆ, ಆದ್ರೆ ಗೆರೆ ಕಾಣತ್ತೆ, ಎಷ್ಟು ಬಣ್ಣ ಹಚ್ಚಿದ್ರೂ ಕಾಣತ್ತೆ.

ಆಮೇಲೆ ಎಲ್ಲರೂ ಮಾಡೋದೇ ಮಾಡಿದೆ, ಮಾತ್ರೆ ಡಬ್ಬಿ ಮುಚ್ಚಳದ ಮೇಲೆ ಬ್ಲೂ ಟ್ಯಾಕ್ (ಗೋಡೆಗೆ ಪೋಸ್ಟರ್ ಅಂಟಿಸೋ ಎಣ್ಣೆ ಜಿಡ್ಡಿನ ಮೆತ್ತನೆ ಅಂಟು) ಉಂಡೆ ಒತ್ತಿ ಅದರ ಮೇಲೆ ಗೊಂಬೆ. ದುಡ್ಡಿಲ್ಲದ ಉಪಾಯ, ಪ್ಲಾಸ್ಟಿಕ್‌ಗೆ ಈಗ್ಲೂ ನಾನು ಅದನ್ನೇ ಮಾಡೋದು, ಖಾಲಿ ಡಬ್ಬಿಗೆ ಒಂದು ಹಿಡಿ ಮರಳು ತುಂಬಿದ್ರೆ ಮೇಜಿನ ಮೇಲೂ ಉರುಳಲ್ಲ. ಆದ್ರೆ ಮಣ್ಣು ಎಣ್ಣೆ ಕುಡಿಯತ್ತೆ ಸ್ವಾಮಿ. ಒಂದು ರಾತ್ರಿ ಬಿಟ್ಟು ತೆಗೆದ್ರೆ ಪೀಠದ ಅಡಿ ಬಜ್ಜಿ ಪೇಪರ್ ತರ ಜಿಡ್ಡು ಮಚ್ಚೆ. ಅಡಿಗೆ ಮೊದಲೇ ಒಂದು ಕೋಟ್ ವಾರ್ನಿಶ್ ಹೊಡೆದು ಆಮೇಲೆ ಒತ್ತಿದ್ರೆ ಪರವಾಗಿಲ್ಲ, ಇದು ಡೋಲಿನವನಿಂದ ಕಲಿತಿದ್ದು. ಭಾರ ಇರೋ ಗೊಂಬೆ ಬಗ್ಗಿಸಿ ಹಿಡಿದ್ರೆ ಮೆಲ್ಲಗೆ ಜಾರೋದು ಮಾತ್ರ ತಪ್ಪಲ್ಲ, ಬಿಸಿಲು ಜಾಸ್ತಿ ಇದ್ರಂತೂ ಇನ್ನೂ ಬೇಗ.

ದಾರಿ ಸಿಕ್ಕಿದ್ದು ಅಶೋಕ ರಸ್ತೆ ಕಡೆ. ಹೆಂಡತಿ ಉಂಗುರದ ಕಲ್ಲು ಸಡಿಲ ಆಗಿತ್ತು, ಒಬ್ಬರು ಆಚಾರರ ಹತ್ರ ಕೂತಿದ್ದೆ. ಅವರು ಒಂದು ಕೋಲಿನ ತುದಿಲಿರೋ ಅರಗನ್ನ ದೀಪಕ್ಕೆ ಹಿಡಿದು ಮೆತ್ತಗೆ ಮಾಡಿ, ಉಂಗುರನ ಅದರೊಳಗೆ ಒತ್ತಿ, ತಣ್ಣಗಾದ ಮೇಲೆ ಕೋಲು ಹಿಡ್ಕೊಂಡು ಕೆಲಸ ಶುರು ಮಾಡಿದ್ರು. ನಮ್ಮ ಬ್ಲೂ ಟ್ಯಾಕ್ ಉಪಾಯನೇ, ಇವರ ತಾತಂದಿರ ಕಾಲದ್ದು! ಅರಗಿಗೆ ಇಟ್ಟಿಗೆ ಪುಡಿ ಕಲಸಿರ್ತಾರಂತೆ, ಬರೀ ಅರಗು ತೀರಾ ಉದುರುದುರು ಅಂತ. ನಾನು ಬಾಯಿ ಬಿಟ್ಕೊಂಡು ನೋಡ್ತಿದ್ದಿದ್ದು ನೋಡಿ ಏನ್ ಸಾರ್ ಅಂದ್ರು, ನಾಗಸ್ವರದವನ ಕಥೆ ಹೇಳ್ದೆ. ಅರಗು ಬೇಡ, ಬಿಸಿಗೆ ನಿಮ್ಮ ಬಣ್ಣ ಏಳತ್ತೆ ಅಂದು, ಡ್ರಾಯರ್‌ನಿಂದ ಒಂದು ಮರದ ಸಾಮಾನು ತೆಗೆದು ಕೈಗೆ ಕೊಟ್ರು.

ರಿಂಗ್ ಕ್ಲ್ಯಾಂಪ್ ಅಂತಾನೇ ಅಂತಾರೆ ಅದನ್ನ. ಎರಡು ಮರದ ಸೀಳು, ನಡುವೆ ಒಂದು ಲೋಹದ ಬಳೆ ಹಾಕಿ ಸೇರಿಸಿರತ್ತೆ. ಒಂದು ತುದಿ ಬಾಯಿಗೆ ಒಳಗಡೆ ಚರ್ಮ ಅಂಟಿಸಿರತ್ತೆ, ಇನ್ನೊಂದು ತುದಿಗೆ ಬೆಣೆ. ಬೆಣೆ ಒಳಗೆ ಒತ್ತಿದಷ್ಟೂ ಆ ಕಡೆ ಬಾಯಿ ಬಿಗಿ ಆಗತ್ತೆ, ಪಾರ್ಕಲ್ಲಿರೋ ಸೀ-ಸಾ ಹಲಗೆ ಹಾಗೆ. ಸ್ಪ್ರಿಂಗ್‌ದು ಹಾಗಲ್ಲ, ಅದಕ್ಕೆ ಎಷ್ಟು ಶಕ್ತಿ ಇದೆಯೋ ಅಷ್ಟನ್ನೂ ಹಾಕತ್ತೆ, ಎದುರಿಗೆ ಮಣ್ಣಿದ್ರೂ ಒಂದೇ ಕಬ್ಬಿಣ ಇದ್ರೂ ಒಂದೇ. ಬೆಣೆ ಒತ್ತೋದು ನಮ್ಮ ಹೆಬ್ಬೆರಳು, ಎಲ್ಲಿ ನಿಲ್ಲಿಸಬೇಕು ಅಂತ ಬೆರಳಿಗೆ ಗೊತ್ತಾಗತ್ತೆ. ನಿಲ್ಲಿಸಿದ ಕಡೆ ಮರಕ್ಕೆ ಮರ ಉಜ್ಜಿಕೊಂಡು ಹಾಗೇ ನಿಲ್ಲತ್ತೆ.

ಒಂದೇ ತೊಂದರೆ, ಉಂಗುರಕ್ಕೆ ಮಾಡಿರೋದು, ಬಾಯಿ ಒಂದು ಸೆಂಟಿಮೀಟರ್ ಮೇಲೆ ತೆಗೀತಿರಲಿಲ್ಲ, ನಮ್ಮವನ ಪೀಠ ಮೂರೂವರೆ. ಸರಿ ಅಂತ ಅದೇ ಮಾದರಿಲಿ ದೊಡ್ಡದು ಮಾಡಿಸಿದೆ. ಬೀದಿ ಕೊನೆ ಬಡಗಿ ಹೊನ್ನೆ ಮರದ ಎರಡು ತುಂಡು ಕೊಯ್ದು ಕೊಟ್ರು, ಬಾಯಿ ಜಾಗದಲ್ಲಿ ಪೀಠ ಕೂರೋ ಹಾಗೆ ಅರ್ಧ ಚಂದ್ರ ಕೆತ್ತಿ. ಬಳೆ ಬದಲು ಪೈಪಿಗೆ ಹಾಕೋ ಸ್ಟೀಲ್ ಕ್ಲಿಪ್ಪು, ಚರ್ಮಕ್ಕೆ ನನ್ನ ಹಳೇ ಬೆಲ್ಟು. ಮೊದಲನೇ ಸಲ ಬೆಣೆ ಒತ್ತಿದಾಗ ಬಾಯಿ ಓರೆ ಕಚ್ಚಿತು, ಯಾಕಂದ್ರೆ ಬೆಲ್ಟಿನ ಒಂದು ಕಡೆ ಹೊಲಿಗೆ ಇತ್ತು, ಅದನ್ನ ಬಿಚ್ಚಿ ಸವರಿದ ಮೇಲೆ ಸರಿ ಹೋಯ್ತು. ಪರೀಕ್ಷೆಗೆ ಕೂರಿಸಿದ್ದು ಗೊಂಬೆನಲ್ಲ, ಬೂಂದಿ ಉಂಡೆ. ಪುಡಿ ಆಗದೆ ನಿಂತಿತು, ಆಮೇಲೇ ಧೈರ್ಯ ಬಂದಿದ್ದು.

ಅದನ್ನ ಮಾಡಿಸಿದ ಮೇಲೆ ಇನ್ನೊಂದು ಗೊತ್ತಾಯ್ತು, ಹಿಡಿ ದಪ್ಪ ಇರಬೇಕು. ಇಂಟರ್ನೆಟ್ಟಲ್ಲಿ ಬಿದಿರು ಕಡ್ಡಿ ತುದಿಗೆ ಕ್ರೊಕೊಡೈಲ್ ಕ್ಲಿಪ್ ಸಿಕ್ಕಿಸಿ ಅಂತಾರಲ್ಲ, ಸ್ಪ್ರೇ ಹೊಡೆಯಕ್ಕೆ, ಬಿಡಿ ಭಾಗ ಒಣಗಿಸಕ್ಕೆ ಅದು ಚೆನ್ನಾಗಿದೆ, ಛತ್ರಿ, ಡೋಲಿನ ಕಡ್ಡಿ ಎಲ್ಲ ನಾನೂ ಅದರಲ್ಲೇ ಸಿಕ್ಕಿಸಿ ಥರ್ಮೋಕೋಲ್‌ಗೆ ಚುಚ್ಚಿ ಇಡ್ತೀನಿ. ಆದ್ರೆ ಅದನ್ನ ಹಿಡ್ಕೊಂಡು ಕಣ್ಣು ಬರೆಯಕ್ಕೆ ಹೋಗಿ ನೋಡಿ, ಹತ್ತು ನಿಮಿಷಕ್ಕೆ ಬೆರಳು ಜೋಮು. ದಪ್ಪ ಹಿಡಿ ಇದ್ರೆ ಅಂಗೈ ಪೂರ್ತಿ ಹಿಡಿಯತ್ತೆ, ಮೊಣಕೈ ಎರಡೂ ಮೇಜಿನ ಮೇಲೆ ಊರಿ, ಎರಡೂ ಮಣಿಕಟ್ಟು ಒಂದಕ್ಕೊಂದು ತಾಗಿಸಿ ಕೂರಬೇಕು. ಆಗ ಕೈ ನಡುಗಿದ್ರೂ ಗೊಂಬೆ ಬ್ರಷ್ ಎರಡೂ ಒಟ್ಟಿಗೇ ನಡುಗ್ತವೆ, ಗೆರೆ ಹಾಳಾಗಲ್ಲ. ಹಿಡಿ ಸಾಲದು ಅನ್ಸಿದ್ರೆ ಕ್ರಿಕೆಟ್ ಬ್ಯಾಟಿನ ರಬ್ಬರ್ ಗ್ರಿಪ್ ಎಳೆದು ಹಾಕಿ, ಬೆವರಿಗೂ ಒಳ್ಳೇದು.

ಬ್ರಷ್ ತಿರುಗಿಸಬೇಡಿ, ಗೊಂಬೆ ತಿರುಗಿಸಿ. ಚನ್ನಪಟ್ಟಣದಲ್ಲಿ ನೋಡಿದೀರಲ್ಲ, ಹಾಲೆ ಮರದ ತುಂಡು ಲೇತ್ ಮೇಲೆ ತಿರುಗ್ತಾ ಇರತ್ತೆ, ಅರಗಿನ ಕಡ್ಡಿ ಹಿಡಿದ ಕೈ ನಿಂತಲ್ಲೇ ಒತ್ತತ್ತೆ, ಆ ಉಜ್ಜಾಟದ ಬಿಸಿಗೇ ಅರಗು ಕರಗಿ ಹಿಡ್ಕೊಳ್ಳತ್ತೆ. ಹಾಗೇ ಪಂಚೆ ಅಂಚಿನ ಜರಿ ಗೆರೆ ಎಳೆಯುವಾಗ ನಾನು ಬ್ರಷ್ ತುದಿ ಊರಿ ಎಡಗೈಲಿ ಹಿಡಿನ ಮೆಲ್ಲಗೆ ತಿರುಗಿಸ್ತೀನಿ. ಮೊದಲು ಬ್ರಷ್ ಓಡಿಸ್ತಿದ್ದೆ, ಗೆರೆ ಹಾವಿನ ತರ ಬರ್ತಿತ್ತು.

ಮ್ಯಾಗ್ನೆಟ್ ಬಗ್ಗೆ ಕೇಳೋರಿಗೆ: ಪ್ಲಾಸ್ಟಿಕ್ ಪೀಠದ ಅಡಿಗೆ 5 ಮಿಲಿಮೀಟರ್‌ದು ಒಂದು ಅಂಟಿಸಿ, ಹಿಡಿ ಮೇಲೆ ಕಬ್ಬಿಣದ ವಾಷರ್ ಇಟ್ರೆ ಸಾಕು, ಎರಡೂ ಕಡೆ ಮ್ಯಾಗ್ನೆಟ್ ಹಾಕಿದ್ರೆ ದಿಕ್ಕು ತಪ್ಪಿ ತಳ್ಳಾಡ್ತವೆ. ಮೇಲಕ್ಕೆ ಎಳೆದ್ರೆ ಬಿಡಲ್ಲ, ಪಕ್ಕಕ್ಕೆ ತಳ್ಳಿದ್ರೆ ಮಾತ್ರ ಬೇಗ ಜಾರತ್ತೆ, ಅದಕ್ಕೇ ಹೆಚ್ಚುಕಮ್ಮಿ ಒಣಗಿದ ಬ್ರಷ್‌ನಲ್ಲಿ ಜೋರಾಗಿ ಉಜ್ಜೋ ಡ್ರೈ ಬ್ರಷ್ ಕೆಲಸಕ್ಕೆ ಬೇಡ.

ಆ ವರ್ಷ ಪಾಡ್ಯದ ಹಿಂದಿನ ರಾತ್ರಿ ಸೆಟ್ ತಲುಪಿಸಿದೆ. ಒಡೆದ ಅಂಚು ಮುಂದಿತ್ತಲ್ಲ, ನಾಗಸ್ವರದವನನ್ನ ನಾನೇ ಮೆಟ್ಟಿಲ ಮೇಲೆ ಜೋಡಿಸ್ತೀನಿ ಅಂತ ಹೋಗಿ ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿದ್ದೆ, ಜನಜಂಗುಳಿಲಿ ಯಾರಿಗೆ ಕಾಣತ್ತೆ ಅಂತ. ಅತ್ತೆ ಆರತಿ ತಟ್ಟೆ ಇಟ್ಟು ಬಂದು, ಅವನನ್ನ ಎತ್ತಿ, ಅಂಚಿನ ಮೇಲೆ ಬೆರಳಾಡಿಸಿ, ಮದುಮಕ್ಕಳ ಕಡೆ ತಿರುಗಿಸಿ ಇಟ್ರು. "ಇವನೇನು ಗೋಡೆಗೆ ಊದ್ತಾನೇನೋ?" ಅಂದ್ರು, ಅಷ್ಟೇ.