33 ಅಂತ ಬರೆಸಿದ್ದೆ, ಎಣಿಸಿರಲಿಲ್ಲ

ಮಲೆನಾಡಿನ ಒಂದು ಡಿಗ್ರಿ ಕಾಲೇಜಿಗೆ ಝೂಆಲಜಿ ಗೆಸ್ಟ್ ಲೆಕ್ಚರರ್ ಆಗಿ ಸೇರಿದ ಮೊದಲ ವರ್ಷದ ಮಾತಿದು. ಇಂಟರ್ನಲ್ ಟೆಸ್ಟಿಗೆ ಸ್ಪಾಟರ್ಸ್ ಇಟ್ಟಿದ್ದೆ, ಅಂದರೆ ನೋಡಿ ಗುರುತಿಸಿ ಲಕ್ಷಣ ಬರೆಯಬೇಕಾದ ಮಾದರಿಗಳು. ನಾಲ್ಕನೇ ಬಾಟಲಿಯಲ್ಲಿ ಜಿಗಣೆ, ಕೆರೆಗಿಳಿದ ದನಗಳ ರಕ್ತ ಹೀರುವ ಹಿರುಡಿನೇರಿಯಾ. ಎಲ್ಲರೂ ‘33 ಸೆಗ್ಮೆಂಟ್’ ಅಂತ ಬರೆದಿದ್ದರು. ಒಬ್ಬಳು ಮಾತ್ರ ‘ಸುಮಾರು 100’ ಅಂದಿದ್ದಳು. ಕೆಂಪು ಪೆನ್ನಲ್ಲಿ ಗೀಟು ಹಾಕಿ ಮುಂದಿನ ಪೇಪರ್ ತೆಗೆದೆ.

ಮರುದಿನ ಪೇಪರ್ ಹಿಡಿದು ಬಂದಳು.

“ಮೇಡಂ, ನಾನು ಎಣಿಸೇ ಬರೆದಿದ್ದು.”

“ಟೆಕ್ಸ್ಟ್‌ನಲ್ಲಿ 33 ಅಂತಿದೆಯಲ್ಲಮ್ಮಾ.”

“ಹೌದು ಮೇಡಂ. ಆದ್ರೆ ಒಂದು ಉಂಗುರ ಅಂದ್ರೆ ಒಂದು ಸೆಗ್ಮೆಂಟ್ ಅಂತ ಹೋದ ವಾರ ನೀವೇ ಹೇಳಿದ್ರಿ.”

ಹೇಳಿದ್ದೆ, ನಿಜ. ಎರೆಹುಳುವಿನ ಪಾಠದಲ್ಲಿ. ಒಂದೇ ತರದ ತುಂಡುಗಳು ಸಾಲಾಗಿ ಜೋಡಿಸಿದಂತೆ ದೇಹ ಇದ್ದರೆ ಆ ಒಂದೊಂದು ತುಂಡಿಗೆ ಮೆಟಾಮಿಯರ್ ಅನ್ನುತ್ತಾರೆ. ಕನ್ನಡ ಪಠ್ಯದಲ್ಲಿ ಖಂಡ, ಕ್ಲಾಸಲ್ಲಿ ಎಲ್ಲರ ಬಾಯಲ್ಲೂ ಸೆಗ್ಮೆಂಟ್. ನಾವು ಓದುವ ಎರೆಹುಳುವಿಗೆ 100ರಿಂದ 120 ಖಂಡ. ಹೊರಗೆ ಗೀರು ಇರುವಲ್ಲೇ ಬಹುಪಾಲು ಒಳಗೂ ಒಂದು ತೆಳು ಗೋಡೆ ಇರುತ್ತದೆ. ಹಾಗಾಗಿ ಉಂಗುರ ಎಣಿಸಿದರೆ ಸಾಕು, ಲೆಕ್ಕ ತಪ್ಪುವುದಿಲ್ಲ. ಅದನ್ನೇ ನಾನು ಎಲ್ಲ ಹುಳುಗಳಿಗೂ ಅನ್ವಯಿಸುವಂತೆ ಹೇಳಿಬಿಟ್ಟಿದ್ದೆ.

ಅವಳಿಗೆ ಆಗ ಸರಿಯಾದ ಉತ್ತರ ಕೊಡಲಿಲ್ಲ. “ನಾಳೆ ಬಾ” ಅಂದೆ. ಯಾಕೆಂದರೆ 33 ಅನ್ನುವುದನ್ನು ನಾನು ಪರೀಕ್ಷೆಯಲ್ಲಿ ಬರೆದಿದ್ದೆ, ಮಕ್ಕಳಿಗೂ ಬರೆಸಿದ್ದೆ. ಒಂದು ಜಿಗಣೆಯನ್ನೂ ಕೂತು ಎಣಿಸಿರಲಿಲ್ಲ!

ಸಂಜೆ ಲ್ಯಾಬ್ ಅಟೆಂಡರ್ ಹತ್ತಿರ ಬೀಗದ ಕೈ ಇಸ್ಕೊಂಡು ಕೂತೆ. ಫಾರ್ಮಲಿನ್ ಘಾಟು ಕಣ್ಣಿಗೆ ಹೊಡೆಯುತ್ತಿತ್ತು. ಜಿಗಣೆಯನ್ನು ತೊಳೆದು ಟ್ರೇಯಲ್ಲಿ ಮಲಗಿಸಿ, ಸೂಜಿಯಿಂದ ಒಂದೊಂದೇ ಉಂಗುರ ಮುಟ್ಟುತ್ತಾ ಹೋದೆ. ಎರಡು ಸಲ ಲೆಕ್ಕ ತಪ್ಪಿತು. ಮೂರನೇ ಸಲ ನೂರರ ಹತ್ತಿರ ಬಂದು ನಿಂತಿತು. ಹುಡುಗಿ ಎಣಿಸಿದ್ದು ಸರಿಯಾಗೇ ಇತ್ತು.

ಆಮೇಲೆ ಹೊಟ್ಟೆ ಮೇಲೆ ಮಾಡಿ ಲೆನ್ಸ್ ಹಿಡಿದೆ. ಸೂಜಿಮೊನೆಯಷ್ಟು ಸಣ್ಣ ತೂತುಗಳು, ಜೊತೆ ಜೊತೆಯಾಗಿ. ಒಂದು ಜೊತೆ ಸಿಕ್ಕ ಮೇಲೆ ಐದನೇ ಉಂಗುರಕ್ಕೆ ಇನ್ನೊಂದು ಜೊತೆ. ಮತ್ತೆ ಐದಕ್ಕೆ ಮತ್ತೊಂದು. ಜಿಗಣೆ ಮೂತ್ರ ಹೊರಹಾಕುವ ರಂಧ್ರಗಳಿವು, ಒಟ್ಟು 17 ಜೊತೆ, 6ರಿಂದ 22ನೇ ಖಂಡದವರೆಗೆ. ಒಂದು ಖಂಡದ ಕೊನೆಯ ಉಂಗುರದಲ್ಲಿ ಒಂದು ಜೊತೆ. ಅಂದರೆ ನಿಜವಾಗಿ ಮರುಕಳಿಸುತ್ತಿರುವುದು ಈ ತೂತುಗಳು, ಒಳಗಿನ ನರದ ಗಂಟುಗಳು. ಮೇಲಿನ ಗೀರುಗಳು ಬರೀ ಚರ್ಮದ ನೆರಿಗೆ. ತೋಟದಲ್ಲಿ ಕಾಲಿಗೆ ಹತ್ತಿದ ಉಂಬಳವನ್ನು, ಅಂದರೆ ನೆಲದ ಜಿಗಣೆಯನ್ನು, ಎಳೆದವರಿಗೆ ಗೊತ್ತು, ಅದು ಎಷ್ಟು ಉದ್ದ ಹಿಗ್ಗುತ್ತದೆ ಅಂತ.

ಮೊದಲೆಲ್ಲ ಡಿಸೆಕ್ಷನ್ ಇದ್ದಾಗ ಒಳಗಿನ ಗಂಟು ಕಣ್ಣಿಗೇ ಕಾಣುತ್ತಿತ್ತು. ಈಗ ಬಾಟಲಿ ಮತ್ತು ಚಾರ್ಟ್ ಅಷ್ಟೇ. ಪ್ರಾಣಿ ಕೊಯ್ಯುವುದು ನಿಂತಿದ್ದಕ್ಕೆ ನನಗೇನೂ ಬೇಜಾರಿಲ್ಲ. ಆದರೆ ಹೊರಗಿನದನ್ನಾದರೂ ಸರಿಯಾಗಿ ನೋಡಬೇಕು ಅಲ್ವಾ?

ಮರುದಿನ ಟ್ರೇ ಸಮೇತ ಅವಳನ್ನು ಕೂರಿಸಿ ತೋರಿಸಿದೆ. ಲೆನ್ಸ್‌ನಿಂದ ಕಣ್ಣು ತೆಗೆಯದೇ ಕೇಳಿದಳು, “ಹಾಗಾದ್ರೆ 33 ಐದ್ಲಿ 165 ಆಗ್ಬೇಕಿತ್ತಲ್ವಾ ಮೇಡಂ?”

ಪುಣ್ಯಕ್ಕೆ ಆ ರಾತ್ರಿ ಓದಿಕೊಂಡಿದ್ದೆ. 7ರಿಂದ 22ನೇ ಖಂಡದವರೆಗೆ ಮಾತ್ರ ಐದೈದು ಉಂಗುರ, ಅಲ್ಲಿಗೆ 80. ಎರಡೂ ತುದಿಗಳಲ್ಲಿ ಒಂದು, ಎರಡು, ಮೂರು ಹೀಗೆ ಕಡಿಮೆ. ಕೊನೆಯ ಏಳು ಖಂಡ ಸೇರಿಕೊಂಡು ಹಿಂದಿನ ಹೀರುಬಟ್ಟಲು ಆಗಿದೆ. ಮಾರ್ಕ್ಸ್ ಲಿಸ್ಟಿನಲ್ಲಿ ಅವಳ ಅಂಕ ತಿದ್ದಿದೆ. ಕ್ಲಾಸಿನಲ್ಲೂ ನಾನು ಹೇಳಿದ್ದು ತಪ್ಪಾಗಿತ್ತು ಅಂದೆ. ಹಿಂದಿನ ಬೆಂಚಿನಲ್ಲಿ ಸ್ವಲ್ಪ ನಗು ಕೇಳಿಸಿತು, ಕೇಳಿಸದ ಹಾಗೆ ಇದ್ದೆ.

ಅಲ್ಲಿಂದ ಪ್ರಾಕ್ಟಿಕಲ್ ನೋಟ್ಸಿನಲ್ಲಿ ಮೊದಲೇ ಸಂಖ್ಯೆ ಬರೆಸುವುದು ಬಿಟ್ಟೆ. ಮೊದಲು ಟ್ರೇ, ಸೂಜಿ, ಲೆನ್ಸ್. ಪೋರ್ಷನ್ ನಿಧಾನ ಆಗುತ್ತದೆ, ಎಚ್‌ಒಡಿ ಹತ್ತಿರ ಎರಡು ಸಲ ಬೈಸಿಕೊಂಡಿದ್ದೇನೆ. ಲಾಡಿಹುಳು ಬಂದಾಗಲೂ ಅಷ್ಟೇ. ಅದರ ಪಟ್ಟಿಗಳನ್ನು ಮೆಟಾಮಿಯರ್ ಅಂತ ತಪ್ಪಾಗಿ ಬರೆಯುವವರು ಪ್ರತಿ ವರ್ಷ ಇರುತ್ತಾರೆ. ಅದರಲ್ಲಿ ಹೊಸ ಪಟ್ಟಿ ಹುಟ್ಟುವುದು ತಲೆಯ ಹಿಂದೆ, ಎರೆಹುಳುವಿನಲ್ಲಿ ಹೊಸ ಖಂಡ ಸೇರುವುದು ಬಾಲದ ಕಡೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಕೇಳಿದರೆ ಅವರೇ ಜಗಳ ಆಡಿ ಉತ್ತರಕ್ಕೆ ಬರುತ್ತಾರೆ.

ಮುಂದಿನ ವಾರ ಆ ಹುಡುಗಿ ಹಾರ್ಲಿಕ್ಸ್ ಬಾಟಲಿಯಲ್ಲಿ ಒಂದು ಚೋರಟೆ ಹಿಡಿದು ತಂದಳು, ಪುಸ್ತಕದ ಸಹಸ್ರಪದಿ. “ಒಂದು ಉಂಗುರಕ್ಕೆ ಎರಡು ಜೊತೆ ಕಾಲಿದೆ. ಇದನ್ನ ಒಂದು ಅಂತ ಎಣಿಸೋದಾ, ಎರಡು ಅಂತಾನಾ?”

ಎರಡು ಖಂಡ ಸೇರಿ ಒಂದಾದ ಉಂಗುರ ಅದು. ಗೊತ್ತಿತ್ತು, ಆದರೂ ಹೇಳಲಿಲ್ಲ. ತಲೆಯ ಹತ್ತಿರದ ನಾಲ್ಕು ಉಂಗುರ ನೋಡು ಅಂದೆ. ಮೊದಲನೆಯದಕ್ಕೆ ಕಾಲೇ ಇಲ್ಲ, ಉಳಿದ ಮೂರಕ್ಕೆ ಒಂದೊಂದೇ ಜೊತೆ ಇರಬೇಕು. ಆದರೆ ಬಾಟಲಿ ಅಲ್ಲಾಡಿದ್ದಕ್ಕೆ ಚೋರಟೆ ಚಕ್ಕುಲಿ ಹಾಗೆ ಸುತ್ತಿಕೊಂಡಿತು. ಬೆಲ್ ಹೊಡೆಯುವವರೆಗೂ ಒಂದು ಕಾಲನ್ನೂ ತೋರಿಸಲಿಲ್ಲ.